ಕಲೆಯಿಲ್ಲದ ಧೋತರ

ಬೆಳಗಿನ ಐದು ಗಂಟೆಗೆ ಬಸಗೊಂಡಪ್ಪ ತೀರಿಕೊಂಡ. ಹತ್ತರ ಹೊತ್ತಿಗೆ ಬನಹಟ್ಟಿಯ ಆ ಓಣಿಯ ಮಗ್ಗಗಳೆಲ್ಲ ನಿಂತಿದ್ದವು, ಭಜನೆಯ ಮೇಳ ಬಾಗಿಲಿಗೆ ಬಂದಿತ್ತು, ಒಳಗೆ ಹೆಣಕ್ಕೆ ಸ್ನಾನವೂ ಆಗಿತ್ತು. ಧೋತರ ಉಡಿಸಿ, ಕೂರಿಸಿ, ಮೆರವಣಿಗೆ ಹೊರಡಿಸುವುದಷ್ಟೇ ಬಾಕಿ. ಮಗ ಪ್ರಭುಲಿಂಗ ತಂದೆಯನ್ನು ಆನಿಸಿ ಹಿಡಿದಿದ್ದ. ಸೊಸೆ ಉಜ್ವಲಾ ಮೆಡಿಕಲ್ ಅಂಗಡಿಯ ಪ್ಯಾಕೆಟ್ ಹರಿದು ಡೈಪರ್ ಎಳೆಯುತ್ತಿದ್ದಂತೆ ಗಂಡನ ಅಕ್ಕ ಯಲ್ಲಕ್ಕ ಗಪ್ಪನೆ ಅವಳ ಕೈ ಹಿಡಿದಳು.

“ಏನ ಮಾಡಾಕತ್ತಿ? ನೇಕಾರನ ಹೆಣಕ್ಕ ಪ್ಲಾಸ್ಟಿಕ್ ಕಟ್ಟತಿಯೇನು?”

“ಮಾಮಾರ ಹೇಳಿದ್ರು, ಅಕ್ಕಾರ.”

“ಸುಳ್ಳ! ನಮ್ಮಪ್ಪ ಜಲ್ಮೆಲ್ಲಾ ಸೀರಿ ನೇದಾಂವ. ಬಂದವರೆಲ್ಲಾ ಅರಿವಿ ತಂದಾರ, ನೋಡಿಲ್ಲಿ ರಾಶಿ! ಇದರಾಗ ಒಂದ ಸಾಲಂಗಿಲ್ಲ?”

ಮೊದಲ ಬಸ್ಸಿಗೆ ಸಾವಳಗಿಯಿಂದ ಬಂದಿದ್ದ ಯಲ್ಲಕ್ಕ ಹೊಸ ಪಂಜೆಯೊಂದನ್ನು ಮಡಿಸತೊಡಗಿದಳು. ಹೊರಗೆ ತಾಳ ಜೋರಾಯಿತು.

“ಲಗೂ ಮಾಡ್ರೆವಾ! ತಡಾ ಆದ್ರ ಬಸಗೊಂಡಗ ಸಿಟ್ಟ ಬರ್ತೈತಿ!” ಎಂದು ಭಜನೆಯ ಹಿರಿಯ ಗಿರಿಮಲ್ಲಪ್ಪ ಕೂಗಿದ. ಜನ ನಕ್ಕರು.

ಉಜ್ವಲಾ ಡೈಪರ್ ಕೈಬಿಡಲಿಲ್ಲ. ಕೂರಿಸಿದ ಹೆಣ ಒಮ್ಮೊಮ್ಮೆ ಒದ್ದೆ ಮಾಡುತ್ತದೆ. ಉಡಿಸುವುದು ಬಿಳಿ ಧೋತರ. ನೋಡುವುದು ಇಡೀ ಊರು.

*

ಮೂತ್ರ ತಡೆಯಲಾಗದೆ ಬಸಗೊಂಡಪ್ಪ ಮನೆ ಹಿಡಿದಿದ್ದ ಕಾಲ. ಉಜ್ವಲಾ ಹಳೆಯ ಧೋತರ ಹರಿದು ಕಟ್ಟುತ್ತಿದ್ದಳು, ಒಗೆದು ಮಾಳಿಗೆಯ ಹಗ್ಗಕ್ಕೆ ಹಾಕುತ್ತಿದ್ದಳು. ಮುದುಕ ಆ ಹಗ್ಗದ ಕಡೆ ಕತ್ತೆತ್ತುತ್ತಿರಲಿಲ್ಲ. ಭಜನೆಗೆ ಕರೆದರೆ ಮೊಣಕಾಲು ನೋವು ಎನ್ನುತ್ತಿದ್ದ.

ಉಜ್ವಲಾ ಮೊದಲ ಪ್ಯಾಕೆಟ್ ತಂದ ದಿನ ಅವನು ಡೈಪರ್ ಒಂದನ್ನು ಬಿಡಿಸಿ, ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು, ಕೊನೆಗೆ ಒಂದು ಗ್ಲಾಸು ನೀರು ಸುರಿದ. ಸ್ವಲ್ಪ ಹೊತ್ತು ಬಿಟ್ಟು ಬೋರಲು ಹಿಡಿದ. ಹನಿ ಬೀಳಲಿಲ್ಲ.

“ಪ್ರಭ್ಯಾ! ಲೇ, ಮಗ್ಗಾ ಬಿಟ್ಟ ಬಾರಲೇ! ನಮ್ಮ ಅರಿವಿ ನೀರ ಹೀರತೈತಿ, ಬಚ್ಚಿಡಂಗಿಲ್ಲ. ಇದು ಬಚ್ಚಿಡತೈತಿ!”

“ಹಂಗಾದ್ರ ಇದನ್ನ ನೇಯೂನೇನಪಾ?”

“ನಿನಗ ಸೆರಗ ನೆಟ್ಟಗ ಬರೂದಿಲ್ಲ, ಇದನ್ನ ನೇಯತಾನಂತ!”

ಅವತ್ತೇ ಸಂಜೆ ಗುಡಿಗೆ ಹೋದವನು ಮಂಗಳಾರತಿಯಾದ ಮೇಲೆಯೇ ಬಂದ. ಹೊಸ್ತಿಲಲ್ಲಿ ಗರಕ್ಕನೆ ತಿರುಗಿ ಸೊಸೆಗೆ ಧೋತರದ ಹಿಂಬದಿ ತೋರಿಸಿದ.

“ನೋಡವಾ, ಮಡಿ ಆರಿಸಿದಂಗ ಐತಿ! ನಾ ಹೋಗೂ ದಿನಾನೂ ಇದನ್ನ ಕಟ್ಟ. ಮಂದ್ಯಾಗ ಕುಂದರಸ್ತೀರಿ, ಹಸಿ ಧೋತರದಾಗ ಕುಂದರಸಬ್ಯಾಡ್ರಿ.”

*

“ಮಣ್ಣಾಗ ಕರಗಂಗಿಲ್ಲ ಅದು,” ಎಂದಳು ಯಲ್ಲಕ್ಕ. ಉಜ್ವಲಾ ಹೇಳಿದ್ದನ್ನೆಲ್ಲ ಕೇಳಿ ಅವಳ ದನಿ ಇಳಿದಿತ್ತು.

“ಕುಣಿ ಮುಟ್ಟೂತನಕ ಇರಲಿ. ಅಲ್ಲಿ ತಗೀತೀನಿ.”

“ಅಷ್ಟ ಮಂದ್ಯಾಗ ನೀ ತಗೀತಿ?”

“ದಿನಾ ತಗದೇನಲ್ರಿ, ಅಕ್ಕಾರ.”

ಯಲ್ಲಕ್ಕ ಪಂಜೆ ಕೆಳಗಿಟ್ಟಳು.

ಮೆರವಣಿಗೆ ಹೊರಟಿತು. ಹಲಗಿ ಗುಡುಗಿತು, ಗುಲಾಲು ಹಾರಿತು. ಗುಡಿಯ ಮುಂದೆ ಗಿರಿಮಲ್ಲಪ್ಪ, “ಏ ಬಸಗೊಂಡಾ, ತಾಳಾ ತಪ್ಪಿಸಬ್ಯಾಡ!” ಎಂದು ಕುಣಿದೇ ಬಿಟ್ಟ. ಬಸಗೊಂಡಪ್ಪ ಹೂವಿನ ನಡುವೆ ನೆಟ್ಟಗೆ ಕೂತು ಓಲಾಡುತ್ತ ಸಾಗಿದ. ಉಜ್ವಲಾ ಧೋತರದಿಂದ ಕಣ್ಣು ಕೀಳಲಿಲ್ಲ.

ಕುಣಿಯ ಬಳಿ ಹೆಂಗಸರು ಸೀರೆ ಅಡ್ಡ ಹಿಡಿದರು. ಪ್ರಭುಲಿಂಗ ತಂದೆಯನ್ನು ಎತ್ತಿದ. ಉಜ್ವಲಾ ಡೈಪರ್ ಬಿಚ್ಚಿದಳು. ಅದು ಕೈಗೆ ಭಾರವಾಗಿತ್ತು. ಧೋತರದ ಮೇಲೆ ಒಂದು ಕಲೆಯೂ ಇರಲಿಲ್ಲ.

“ಮಾಮಾ ಗೆದ್ರು!” ಅವಳ ಬಾಯಿಂದ ಹಾರಿಯೇ ಹೋಯಿತು. ಸೀರೆಯ ಮರೆಯಲ್ಲಿ ಯಲ್ಲಕ್ಕನಿಗೆ ನಗೆಯೂ ಅಳುವೂ ಒಟ್ಟಿಗೇ ಬಂದವು.

“ಕೊಡ ಇಲ್ಲೆ,” ಎಂದು ಕೈಚಾಚಿದಳು.

ಮರುದಿನ ಬೆಳಿಗ್ಗೆ ನಗರಸಭೆಯ ಕಸದ ಗಾಡಿ ಬಂದಾಗ, ಆ ಡೈಪರನ್ನು ಓಡಿಹೋಗಿ ಹಾಕಿ ಬಂದವಳು ಯಲ್ಲಕ್ಕನೇ.