ಬಾಲ್ಕನಿಯ ಕುಂಡ

"ಕುಂಡಕ್ಕೆ ನೀರು ಹಾಕಿಲ್ಲ, ಅಲ್ವಾ? ಅದಕ್ಕೇ ಮಿಷನ್ ಜುಂ ಅಂತಿರೋದು," ಎಂದರು ಭಾವ.

ನಾನು ಬಟ್ಟೆ ಒಗೆಯುವ ಮಿಷನ್ನಿನ ಮುಂದೆ ಕೈ ಕೊಡವುತ್ತ ನಿಂತಿದ್ದೆ. ಮುಚ್ಚಳಕ್ಕೆ ಬೆರಳು ತಾಗಿದ್ದೇ ತಡ, ಮೊಣಕೈವರೆಗೂ ಇರುವೆಸಾಲು ಹರಿದ ಹಾಗಾಗಿತ್ತು. ಮಿಷನ್ ಇರುವುದು ಮಹಡಿಯ ಬಚ್ಚಲಲ್ಲಿ, ಕುಂಡ ಇರುವುದು ಬಾಲ್ಕನಿಯಲ್ಲಿ. ಅದಕ್ಕೂ ಇದಕ್ಕೂ ಏನು ನೆಂಟಸ್ತಿಕೆ ಎಂದು ಈ ಮನೆಯಲ್ಲಿ ಯಾರೂ ಕೇಳಿದವರಲ್ಲ. ಭಾವ ಹೇಳಿದ್ದಾರೆ, ಅತ್ತೆ ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಎರಡು ಚೊಂಬು ನೀರು ಹಾಕುತ್ತಾರೆ, ಅಷ್ಟೇ. ಈಗ ಅತ್ತೆ ಎಂಟು ದಿನದಿಂದ ಆಸ್ಪತ್ರೆಯಲ್ಲಿದ್ದರು. ಕುಂಡದ ನೆನಪು ನಮಗ್ಯಾರಿಗೂ ಆಗಿರಲಿಲ್ಲ.

"ನೀರು ಹಾಕ್ತಿದ್ದಾಗ್ಲೂ ಜುಂ ಅಂತಿತ್ತಲ್ಲ ಭಾವ."

"ಅಂತಿತ್ತು. ಆದ್ರೆ ಮರ್ಯಾದೆಯಿಂದ ಅಂತಿತ್ತು. ಚಪ್ಪಲಿ ಹಾಕ್ಕೋಮ್ಮ."

ಮಿಷನ್ನಿನ ಕಾಲಬುಡದಲ್ಲಿ ಸದಾ ಒಂದು ಜೊತೆ ನೀಲಿ ರಬ್ಬರ್ ಚಪ್ಪಲಿ ಇರುತ್ತದೆ. ನಾನು ಮದುವೆಯಾಗಿ ಬಂದ ದಿನ ಅತ್ತೆ ಮನೆ ತೋರಿಸುತ್ತ, ಇದು ಅಡುಗೆಮನೆ, ಇದು ಬಚ್ಚಲು, ಇದು ಮಿಷನ್ ಚಪ್ಪಲಿ ಎಂದಿದ್ದರು. ಎಲ್ಲರ ಮನೆಯಲ್ಲೂ ಮಿಷನ್ನಿಗೊಂದು ಜೊತೆ ಚಪ್ಪಲಿ ಇರುತ್ತದೆ ಎಂದೇ ನಾನು ಬಹಳ ದಿನ ನಂಬಿದ್ದೆ. ಅತ್ತೆ ಮಾತ್ರ ಅದನ್ನು ಮೆಟ್ಟಿದವರಲ್ಲ. "ಮನೆಯೊಳಗೆ ಚಪ್ಪಲಿ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ, ಅಡುಗೆಮನೆಗೆ ಟೂರಾ?" ಎನ್ನುತ್ತ ಮರದ ಸೌಟಿನ ಹಿಡಿಯಿಂದ ಗುಂಡಿ ಒತ್ತುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಈಗ ನಗು ಬರಲಿಲ್ಲ. ಅತ್ತೆಯ ಎದೆಬಡಿತ ನಿಧಾನವಾಗಿ, ಭುಜದ ಕೆಳಗೆ ಚರ್ಮದೊಳಗೆ ಪೇಸ್‌ಮೇಕರ್ ಎಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಮಿಷನ್ ಇಟ್ಟಿದ್ದರು. ಹಿಂದಿನ ದಿನ ಡಾಕ್ಟರು ನನ್ನನ್ನು ಕರೆದು, "ಭಾನುವಾರ ಕರ್ಕೊಂಡು ಹೋಗಿ. ಆದ್ರೆ ಮನೆ ವೈರಿಂಗು, ಅರ್ಥಿಂಗು ಸರಿಯಾಗಿದೆಯಾ ನೋಡಿಸಿ. ಶಾಕ್ ಹೊಡಿಯೋ ಯಾವ ಸಾಮಾನನ್ನೂ ಇವರು ಮುಟ್ಟಬಾರದು," ಎಂದಿದ್ದರು.

ಇವತ್ತು ಬುಧವಾರ.

"ಭಾವ, ಎಲೆಕ್ಟ್ರಿಷಿಯನ್ ಕರೆಸ್ತೀನಿ," ಎಂದೆ.

"ಮನೇಲಿ ನಾನಿದ್ದೂ?"

ಭಾವ ಬಸ್ಸು ರಿಪೇರಿ ಮಾಡಿ ನಿವೃತ್ತರಾದವರು. ಈ ಮನೆ ಕಟ್ಟುವಾಗ ಒಂದು ಪುಸ್ತಕ ತಂದು ಓದಿ, ಮೇಲಿನ ಮನೆಗೂ, ಈಗ ನನ್ನ ಹೊಲಿಗೆ ಅಂಗಡಿ ಇರುವ ಕೆಳಗಿನ ಕೋಣೆಗೂ ತಾವೇ ವೈರ್ ಎಳೆದಿದ್ದರು. ಒಂದೊಂದು ಸ್ವಿಚ್ಚೂ ಅವರ ಮಕ್ಕಳಿದ್ದ ಹಾಗೆ. ಅದಕ್ಕೆ ಹೊರಗಿನವರು ಕೈ ಹಾಕುವುದೆಂದರೆ ಅವರಿಗೆ ತಲೆ ತೆಗೆದಷ್ಟು ಅವಮಾನ.

"ಇಪ್ಪತ್ತು ವರ್ಷದಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದೆಯಾ?"

"ಇಪ್ಪತ್ತು ವರ್ಷ ಅತ್ತೆ ಎದೇಲಿ ಮಿಷನ್ ಇರ್ಲಿಲ್ಲ ಭಾವ."

ಅವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನವರು ಹಿಂದೆಯೇ ಬಂದು ಪಿಸುಗುಟ್ಟಿದರು. "ಅಣ್ಣಂಗೆ ಬೇಜಾರಾಗುತ್ತೆ ಕಣೇ. ಸ್ವಲ್ಪ ದಿನ ಬಿಟ್ಟು ನೋಡಿದ್ರೆ?"

"ಬೇಜಾರು ನಾಲ್ಕು ದಿನಕ್ಕೆ ಹೋಗುತ್ತೆ. ಅತ್ತೆ ಹೋದ್ರೆ ಬರ್ತಾರಾ?"

ಇಷ್ಟು ಖಾರವಾಗಿ ನಾನು ಮಾತಾಡಿದವಳಲ್ಲ. ನನ್ನವರು ನನ್ನನ್ನು ನೋಡಿ, ಫೋನು ತಂದು ಕೈಗೆ ಕೊಟ್ಟರು.

ಮೊದಲು ಸಿಕ್ಕವನನ್ನು ಲೈಸೆನ್ಸ್ ಇದೆಯಾ ಎಂದು ಕೇಳಿದೆ. "ಲೈಸೆನ್ಸಾ? ನಾನೇನು ಬಸ್ ಓಡಿಸ್ತೀನಾ ಅಕ್ಕಾ?" ಎಂದ. ಎರಡನೆಯವನು ನನ್ನ ಮಾತು ಮುಗಿಯುವ ಮುಂಚೆಯೇ, "ಹಸಿರು ವೈರ್ ಕಿತ್ತಾಕಿ, ಜುಂ ಅನ್ನೋದು ನಿಂತೋಗುತ್ತೆ. ನಾನು ಬರೋದೂ ಬೇಡ," ಎಂದ. ಮೂರನೆಯವರು ಕೇಳಿದ್ದೇ ಬೇರೆ.

"ಮನೇಲಿ ಮಕ್ಕಳು, ಹುಷಾರಿಲ್ಲದವರು ಇದ್ದಾರಾ?"

ಅತ್ತೆಯ ವಿಷಯ, ಮಿಷನ್ ಚಪ್ಪಲಿಯ ವಿಷಯ ಎರಡನ್ನೂ ಹೇಳಿದೆ.

"ಈಗ್ಲೇ ಹೋಗಿ ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ ಮಿಷನ್ ಪ್ಲಗ್ ಕಿತ್ತಿಡಿ. ಚಪ್ಪಲಿ ನಂಬ್ಕೋಬೇಡಿ. ನಾಳೆ ಒಂಬತ್ತಕ್ಕೆ ಬರ್ತೀನಿ, ಅಲ್ಲೀವರೆಗೆ ಕೈಯಲ್ಲೇ ಒಗೀರಿ."

ಗುರುವಾರ ಒಂಬತ್ತಕ್ಕೆ ಸರಿಯಾಗಿ ಬಂದರು. ಕನ್ನಡಕ, ಕಡಿಮೆ ಮಾತು, ಭುಜದ ಮೇಲೆ ಸವೆದ ಚೀಲ. ನಾನು ಕೇಳುವ ಮುಂಚೆಯೇ ಜೇಬಿನಿಂದ ಲೈಸೆನ್ಸ್ ಕಾರ್ಡು ತೆಗೆದು ತೋರಿಸಿದರು. ಆಮೇಲೆ ಡಾಕ್ಟರ ಹಾಗೆ ಕುರ್ಚಿಯಲ್ಲಿ ಕೂತು, ಯಾವಾಗಿಂದ ಜುಂ ಅನ್ನುತ್ತೆ, ನೆಲ ಒದ್ದೆ ಇದ್ದಾಗ ಜಾಸ್ತಿಯಾ, ನಲ್ಲಿ ಮುಟ್ಟಿದರೂ ಅನ್ನುತ್ತಾ ಎಂದೆಲ್ಲ ವಿಚಾರಿಸಿದರು. ಭಾವನ ಕೋಣೆಯ ಬಾಗಿಲು ಎರಡು ಬೆರಳಷ್ಟು ತೆರೆದಿತ್ತು.

ಕೆಳಗಿನ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ ಬಿಚ್ಚಿದರು. ಒಳಗಿನ ವೈರು ಸುಟ್ಟ ಸಕ್ಕರೆಯ ಬಣ್ಣಕ್ಕೆ ತಿರುಗಿತ್ತು. "ಅಂಗಡಿ ಇಸ್ತ್ರಿ, ಮೇಲಿನ ಮಿಷನ್ನು, ಎರಡೂ ಒಂದೇ ವೈರ್ ಮೇಲೆ ಸವಾರಿ ಮಾಡ್ತಿವೆ ಮೇಡಂ. ಅಂಗಡಿಗೆ ಬೇರೆ ಲೈನು ಬೇಕು." ಶನಿವಾರಕ್ಕೆ ಕೊಡಬೇಕಾದ ಬಟ್ಟೆಗಳ ರಾಶಿ ನನ್ನ ಹಿಂದೆಯೇ ಇತ್ತು. "ಎರಡು ದಿನ ಅಂಗಡಿ ಮುಚ್ಚಬೇಕಾ?" ಎಂದೆ. "ಮುಚ್ಚಬೇಕು," ಎಂದರು. ಮುಚ್ಚಿದೆ.

ಆಮೇಲೆ ಮೇಲೆ ಬಂದು, ಮೇನ್ ಆಫ್ ಮಾಡಿ, ಕರೆಂಟಿಲ್ಲವೆಂದು ಮೀಟರಿನಲ್ಲಿ ಎರಡೆರಡು ಸಲ ಪರೀಕ್ಷಿಸಿ, ಮಿಷನ್ನಿನ ಅರ್ಥಿಂಗಿನ ಹಸಿರು ವೈರಿನ ಬೆನ್ನು ಹತ್ತಿದರು. ಅದು ಬೋರ್ಡಿನಿಂದ ಗೋಡೆಯ ಕೊಳವೆಗೆ ಇಳಿದಿತ್ತು. ಕೊಳವೆ ಕಿಟಕಿಯ ಕೆಳಗೆ ಹಾದು ಬಾಲ್ಕನಿಗೆ ಹೋಗಿತ್ತು. ಬಾಲ್ಕನಿಯಲ್ಲಿ ಅದು ಕುಂಡದ ಹಿಂದೆ ಮರೆಯಾಗಿತ್ತು. ಅವರು ಕೂತು ಬೆರಳಿನಿಂದ ಮಣ್ಣು ಕೆದಕಿದರು. ಬೇರುಗಳ ನಡುವಿನಿಂದ ಹಸಿರು ವೈರಿನ ತುದಿ ಮೇಲೆ ಬಂತು. ಅದಕ್ಕೆ ಒಂದು ಹಳೆಯ ಚಮಚ ಕಟ್ಟಿತ್ತು.

ಕೋಣೆಯ ಬಾಗಿಲು ಪೂರ್ತಿ ತೆರೆದುಕೊಂಡಿತು.

"ಅರ್ಥ್ ಅಂದ್ರೆ ಮಣ್ಣು ತಾನೇ?" ಎಂದರು ಭಾವ, ಯಾರೂ ಕೇಳದಿದ್ದರೂ. "ಮಣ್ಣಿಗೆ ಕೊಡಿ, ಮಣ್ಣು ಒಣಗದಂತೆ ನೀರು ಹಾಕಿ ಅಂತ ಪುಸ್ತಕದಲ್ಲೇ ಇತ್ತು. ಕೊಟ್ಟಿದ್ದೀನಿ. ನೀರೂ ಹಾಕ್ಸಿದ್ದೀನಿ. ಏನು ತಪ್ಪು?"

ನನ್ನವರು ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಎಲೆಕ್ಟ್ರಿಷಿಯನ್ ಮಾತ್ರ ನಗಲಿಲ್ಲ.

"ಮಣ್ಣು ಸರಿಯಾಗಿದೆ ಯಜಮಾನ್ರೇ, ವಿಳಾಸ ತಪ್ಪಿದೆ. ಒಂದು ಅಂತಸ್ತು ಕೆಳಗೆ ಹೋಗಬೇಕಿತ್ತು, ಅಷ್ಟೇ."

"ಅಂದ್ರೆ?"

"ಮಿಷನ್ನಿಂದ ಸೋರೋ ಕರೆಂಟಿಗೆ ಭೂಮಿಗೆ ಇಳಿಯೋಕೆ ದಾರಿ ಬೇಕು. ಈ ಕುಂಡ ಭೂಮಿ ಮೇಲಿಲ್ಲ, ಸಿಮೆಂಟ್ ಮೇಲೆ ಕೂತಿದೆ. ದಾರಿ ಇಲ್ಲಿಗೇ ನಿಂತೋಯ್ತು. ಆಗ ಒದ್ದೆ ಕಾಲಲ್ಲಿ ಮಿಷನ್ ಮುಟ್ಟಿದವರೇ ದಾರಿ ಆಗ್ತಾರೆ. ಬನ್ನಿ, ನೀವೇ ನೋಡಿ." ಚೀಲದಿಂದ ಇನ್ನೊಂದು ಮೀಟರು ತೆಗೆದು ಭಾವನ ಕೈಗೆ ಕೊಟ್ಟು, ಅದರ ಒಂದು ತಂತಿಯನ್ನು ಹಸಿರು ವೈರಿಗೆ ಜೋಡಿಸಿ, ಇನ್ನೊಂದನ್ನು ಕೆಳಗಿನ ನಿಜವಾದ ನೆಲಕ್ಕೆ ಇಳಿಬಿಟ್ಟರು. "ಕುಂಡಕ್ಕೂ ಭೂಮಿಗೂ ಸಂಬಂಧ ಇದ್ರೆ ಇಲ್ಲಿ ಸಣ್ಣ ಅಂಕಿ ಬರಬೇಕು."

ಅಂಕಿ ಬರಲೇ ಇಲ್ಲ. ಭಾವ ಮೀಟರನ್ನು ಒಮ್ಮೆ ಕುಲುಕಿದರು, ಕನ್ನಡಕ ಒರೆಸಿಕೊಂಡರು, ಮತ್ತೆ ನೋಡಿದರು. ಬಸ್ಸಿನ ಮನುಷ್ಯ, ಮೀಟರಿನ ಮಾತನ್ನು ಅಲ್ಲಗಳೆಯುವವರಲ್ಲ.

"ಅಮ್ಮ ದಿನಾ ಬರಿಗಾಲಲ್ಲಿ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು. ಆಮೇಲೆ ಅಂಗಿಯ ತೋಳು ಮಡಿಸಿಕೊಂಡರು.

"ಗುಂಡಿ ಎಲ್ಲಿ ತೋಡಬೇಕು, ಹೇಳಿ."

"ಆಳ್ಗಳನ್ನ ಕರೆಸೋಣ ಯಜಮಾನ್ರೇ."

"ಬೇಡ. ನಾನೇ ತೋಡ್ತೀನಿ."

"ಆಗ್ಲಿ. ತೋಡೋದು ನೀವು, ಜೋಡ್ಸೋದು ನಾನು. ಅದರಲ್ಲಿ ಚೌಕಾಸಿ ಇಲ್ಲ."

"ಇಲ್ಲಪ್ಪ, ಇಲ್ಲ," ಎಂದರು ಭಾವ. ಈ ಮನೆಯಲ್ಲಿ ಅವರು ಅಷ್ಟು ಬೇಗ ಒಪ್ಪಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಶುಕ್ರವಾರ ಇಡೀ ದಿನ ಮನೆಯ ಪಕ್ಕದ ಸಂದಿಯಲ್ಲಿ ಹಾರೆಯ ಸದ್ದು. ನಾನು ಕಿಟಕಿಯ ಬೆಳಕಿನಲ್ಲಿ ಕೈಹೊಲಿಗೆ ಹಾಕುತ್ತ ಅವರ ಮಾತು ಕೇಳುತ್ತಿದ್ದೆ. "ಇಷ್ಟು ಆಳ ಸಾಕಾ?" "ಇನ್ನೂ ಸ್ವಲ್ಪ." "ಬಾವಿ ತೋಡಿಸ್ತಿದ್ದೀಯೇನಯ್ಯಾ?" "ನೀರು ಬಂದ್ರೆ ಅರ್ಧ ನಂದು." ಸಂಜೆಯ ಹೊತ್ತಿಗೆ ನೆಲದೊಳಗೆ ಲೋಹದ ಉದ್ದ ಸರಳು ಇಳಿದಿತ್ತು. ಶನಿವಾರ ಅದರಿಂದ ಮೇಲಕ್ಕೆ ಹೊಸ ವೈರು, ಅಂಗಡಿಗೆ ಬೇರೆ ಲೈನು. ಮಿಷನ್ನಿನೊಳಗೆ ಸೋರುತ್ತಿದ್ದ ಭಾಗವನ್ನೂ ಬದಲಾಯಿಸಿದರು. ಮೀಟರು ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪೆಟ್ಟಿಗೆ ಬಂತು. ಕರೆಂಟು ಎಲ್ಲಾದರೂ ಸೋರಿದರೆ ಇದು ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದಂತೆ. ಎಲ್ಲ ಮತ್ತೆ ಅಳೆದು, ಅಂಕಿಗಳನ್ನು ಹಾಳೆಯಲ್ಲಿ ಬರೆದು, ಸಹಿ ಹಾಕಿ ನನ್ನ ಕೈಗೆ ಕೊಟ್ಟರು.

"ತಿಂಗಳಿಗೊಂದು ಸಲ ಈ ಗುಂಡಿ ಒತ್ತಿ ನೋಡಿ ಯಜಮಾನ್ರೇ. ಟಪ್ ಅಂತ ಆಫ್ ಆದ್ರೆ ಪೆಟ್ಟಿಗೆ ಬದುಕಿದೆ ಅಂತ. ಇದು ನಿಮ್ಮ ಕೆಲಸ."

ಅವರು ಹೋದ ಮೇಲೆ ಭಾವ ಸಂಜೆಯೊಳಗೆ ನಾಲ್ಕು ಸಲ ಒತ್ತಿದರು.

ಭಾನುವಾರ ಅತ್ತೆ ನನ್ನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಕುರ್ಚಿಯಲ್ಲಿ ಕೂತು ಉಸಿರು ತಿರುಗಿದ ಮೇಲೆ ಕೇಳಿದ ಮೊದಲ ಮಾತು, "ಕುಂಡಕ್ಕೆ ನೀರು ಹಾಕಿದ್ರೇನ್ರೋ?"

ಭಾವ ಕೆಮ್ಮಿದರು. "ಇನ್ಮೇಲೆ ಬೇಕಾಗಿಲ್ಲಮ್ಮ. ಅದರ ಡ್ಯೂಟಿ ಮುಗೀತು."

"ಡ್ಯೂಟಿ ಮುಗಿದ್ರೆ ಬಾಯಾರಿಕೆನೂ ಮುಗಿಯುತ್ತೇನೋ, ಪೆದ್ದ?"

ನಾವು ಏಳುವುದರೊಳಗೆ ಅತ್ತೆ ಎದ್ದು, ಚೊಂಬು ಹಿಡಿದು ಬರಿಗಾಲಲ್ಲೇ ಬಚ್ಚಲಿಗೆ ಹೋದರು. ನೆಲ ಒದ್ದೆಯಿತ್ತು, ಮಿಷನ್ ತಿರುಗುತ್ತಿತ್ತು. ನಲ್ಲಿಯ ಕಡೆ ಬಗ್ಗುವಾಗ ಆಸರೆಗೆಂದು ಇನ್ನೊಂದು ಅಂಗೈಯನ್ನು ಮಿಷನ್ನಿನ ಮುಚ್ಚಳದ ಮೇಲೆ ಊರಿದರು. ಬಾಗಿಲಲ್ಲಿ ಭಾವ ಚೌಕಟ್ಟು ಹಿಡಿದು ನಿಂತುಬಿಟ್ಟರು. ಚೊಂಬು ತುಂಬಿತು. ಅತ್ತೆ ಸೊಂಟ ನೆಟ್ಟಗೆ ಮಾಡಿಕೊಂಡು, ಕಾಲಿಗೆ ಅಡ್ಡ ಬಂದ ನೀಲಿ ಚಪ್ಪಲಿಗಳನ್ನು ಪಾದದಿಂದ ಪಕ್ಕಕ್ಕೆ ತಳ್ಳಿ, ಬಾಲ್ಕನಿಯ ಕಡೆ ನಡೆದರು.