ಗುಣವಾದ ಮಂಡಿಗೆ ಪ್ರಾರ್ಥನೆ

ನಮ್ಮ ಸಭೆಯಲ್ಲಿ ಒಂದೇ ಹೆಸರಿನ ಹೆಂಗಸರು ಐವರು, ಒಂದೇ ಹೆಸರಿನ ಗಂಡಸರು ಏಳು ಮಂದಿ. ಅಜ್ಜ ಅಜ್ಜಿಯರ ಹೆಸರನ್ನೇ ಮೊಮ್ಮಕ್ಕಳಿಗೆ ಇಡುತ್ತ ಬಂದದ್ದರ ಫಲ ಇದು. ಹೀಗಾಗಿ ಭಾನುವಾರದ ಆರಾಧನೆಯಲ್ಲಿ ಕಾಯಿಲೆಯವರ ಪಟ್ಟಿ ಓದುವಾಗ ನಾನು ಹೆಸರಿನ ಗೊಡವೆಗೇ ಹೋಗುವುದಿಲ್ಲ. ಕಸುಬು ಹೇಳುತ್ತೇನೆ, ಕಾಯಿಲೆ ಹೇಳುತ್ತೇನೆ. “ಬಡಗಿಯ ಸೊಂಟಕ್ಕಾಗಿ.” ಆಮೆನ್. “ಬಸ್ ಕಂಡಕ್ಟರರ ಗಂಟಲಿಗಾಗಿ.” ಆಮೆನ್. ಹೊಸಬರಿಗೆ ಯಾವುದೋ ರಿಪೇರಿ ಅಂಗಡಿಯ ಲೆಕ್ಕ ಕೇಳಿದ ಹಾಗಾಗುತ್ತದೆ. ದೇವರಿಗೆ ಗೊಂದಲವಾಗಬಾರದು ಅಂತ ಹೀಗೆ ಎಂದು ನಾನು ಹೇಳಿದರೆ, “ಗೊಂದಲ ದೇವರಿಗಲ್ಲ, ನಿಮಗೆ” ಎನ್ನುತ್ತಾಳೆ ನನ್ನ ಹೆಂಡತಿ.

ಆ ಪಟ್ಟಿಯಲ್ಲಿ ಹದಿನಾಲ್ಕು ತಿಂಗಳಿಂದ ಜಾಗ ಬಿಡದೆ ಕೂತಿದ್ದದ್ದು ದಾರದಂಗಡಿಯಮ್ಮನ ಎಡಮಂಡಿ.

ಒಂದು ಮಂಗಳವಾರ ನನ್ನ ನಿಲುವಂಗಿಯ ಗುಂಡಿ ಕಿತ್ತುಹೋಗಿ ಆಕೆಯ ಅಂಗಡಿಗೆ ಹೋದೆ. ಬಾಗಿಲಷ್ಟೇ ಅಗಲದ ಅಂಗಡಿ. ಗೋಡೆ ತುಂಬ ಸಣ್ಣ ಸಣ್ಣ ಖಾನೆಗಳು. ಒಳಗೆ ಯಾವ ಗುಂಡಿ ಇದೆಯೆಂದು ತಿಳಿಯಲು ಪ್ರತಿ ಖಾನೆಯ ಮುಂದೆ ಅದೇ ಗುಂಡಿ ಒಂದನ್ನು ಅಂಟಿಸಿದ್ದಾಳೆ. ನಾನು ಹೊಸ್ತಿಲಲ್ಲಿ ನಿಂತಾಗ ಆಕೆ ಸ್ಟೂಲಿನ ಮೇಲೆ ನಿಂತು ಮೇಲಿನ ಸಾಲಿಗೆ ಕೈ ಹಾಕಿದ್ದಳು. ಬೇಕಾದದ್ದು ಸಿಕ್ಕಿತೆಂದು ಕಾಣುತ್ತದೆ, ದೊಪ್ಪನೆ ಕೆಳಗೆ ಹಾರಿದಳು. ತಿರುಗಿದರೆ ನಾನು.

“ಅಯ್ಯನವರೇ! ಯಾವಾಗ ಬಂದ್ರಿ?”

“ನೀವು ಮೇಲಿದ್ದಾಗ.”

“ನಾನು ಇಳಿದದ್ದು ನೋಡಿದ್ರಾ?”

“ಇಳಿದದ್ದು ಕಾಣಲಿಲ್ಲಮ್ಮ. ಹಾರಿದ್ದು ಕಾಣಿಸ್ತು.”

ಆಕೆ ಎಡಮಂಡಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಈಗ ತಡವಾಯಿತೆಂದು ತಿಳಿದು ಕೈ ತೆಗೆದಳು. “ಗುಣ ಆಗಿದೆ, ಸುಳ್ಳು ಹೇಳಲ್ಲ. ಎಂಟು ತಿಂಗಳಾಯ್ತು. ಆದ್ರೆ ಪಟ್ಟಿಯಿಂದ ತೆಗೀಬೇಡಿ ಅಯ್ಯನವರೇ. ನಿಮ್ಮ ಕಾಲಿಗೆ ಬೀಳ್ತೀನಿ, ಈಗ ಬೀಳೋಕೂ ಆಗ್ತದೆ.”

“ಯಾಕಮ್ಮ?”

“ಗುಂಡಿ ಕಪ್ಪೋ, ಕಂದೋ?” ಎಂದು ಖಾನೆ ಎಳೆದಳು.

ಕುತೂಹಲ ಪಾಪವೋ ಅಲ್ಲವೋ ನನಗೆ ಖಚಿತವಿಲ್ಲ. ಪಾಪಗಳ ಪಟ್ಟಿಯಲ್ಲಿ ಅದನ್ನು ನಾನು ಕಂಡಿಲ್ಲ. ಬಹಳ ಗಮನವಿಟ್ಟು ಹುಡುಕಿಯೂ ಇಲ್ಲ. ಆ ವಾರವೆಲ್ಲ ನನ್ನ ತಲೆ ಕೊರೆದದ್ದು ಎರಡು ಪ್ರಶ್ನೆ. ಆಕೆಗೆ ಅದು ಯಾಕೆ ಬೇಕು ಎಂಬುದು ಒಂದು. ಇನ್ನೊಂದು ದೊಡ್ಡದು: ಎಂಟು ತಿಂಗಳು ಇನ್ನೂರು ಜನ ಸೇರಿ ಗುಣವಾದ ಮಂಡಿಗಾಗಿ ಬೇಡಿಕೊಂಡೆವಲ್ಲ, ಆ ಪ್ರಾರ್ಥನೆಯೆಲ್ಲ ಎಲ್ಲಿಗೆ ಹೋಯಿತು?

ನಮ್ಮ ಸಭೆಯ ಕಾರ್ಯದರ್ಶಿ ನಿವೃತ್ತ ಪೋಸ್ಟ್‌ಮಾಸ್ಟರು. ಅವರನ್ನು ಕೇಳಿದೆ.

“ವಿಳಾಸದಲ್ಲಿ ಆಳಿಲ್ಲದ ಕಾಗದ ಅದು,” ಎಂದರು. “ನಮ್ಮ ಇಲಾಖೆಯಲ್ಲಾದ್ರೆ ಬರೆದವರಿಗೇ ವಾಪಸ್. ಅದಿರ್ಲಿ, ಯಾರ ಮಂಡಿ?”

ಬಾಯಿ ಬಿಟ್ಟದ್ದೇ ತಪ್ಪಾಯಿತು. ಹೇಳಬೇಕಾಯಿತು. ಅವರು ಆಗಲೇ ಕನ್ನಡಕ ಏರಿಸಿ, ಕಾಯಿಲೆಯ ಪಟ್ಟಿಯಲ್ಲಿ ಆ ಸಾಲನ್ನು ಅಳತೆಪಟ್ಟಿ ಇಟ್ಟು ಹೊಡೆದು, ಗುಣವಾದವರ ಪರವಾಗಿ ದೇವರಿಗೆ ಕೃತಜ್ಞತೆ ಹೇಳುವ ಸ್ತೋತ್ರದ ಪಟ್ಟಿಗೆ ಮುದ್ದಾಗಿ ಬರೆದರು. “ಈ ಭಾನುವಾರ ಬೇಡ, ಅದರ ಪಟ್ಟಿ ಆಗಲೇ ಟೈಪಾಗಿದೆ. ಮುಂದಿನ ಭಾನುವಾರ ಇದನ್ನು ಓದಿ.”

ಮನೆಯಲ್ಲಿ ಹೆಂಡತಿ ಬೇರೆಯೇ ಉತ್ತರ ಕೊಟ್ಟಳು. “ನನ್ನ ಮಂಡಿ ಈಚೆಗೆ ಹಗುರಾಗಿದೆ. ಅವಳ ಪಾಲಿನ ಪ್ರಾರ್ಥನೆ ನನಗೆ ಬಂದಿರಬೇಕು. ಸುಮ್ಮನೆ ಓದ್ತಾ ಇರಿ.”

ಆ ಭಾನುವಾರ ನಾನೊಂದು ಉಪಾಯ ಮಾಡಿದೆ. ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಹದಿನೇಳು ವರ್ಷದಲ್ಲಿ ಮೊದಲ ಸಲ, ಕಾಗದದ ಬದಲು ಜನರನ್ನು ನೋಡುತ್ತ ಓದಿದೆ. ಯಾರ್ಯಾರು ಆಮೆನ್ ಹೇಳುವಾಗ ಆಕಳಿಸುತ್ತಾರೆ ಎಂಬುದೂ ತಿಳಿಯಿತು. ಅದು ಬೇರೆ ಮಾತು. “ದಾರದಂಗಡಿಯ ಸಹೋದರಿಯ ಎಡಮಂಡಿಗಾಗಿ” ಎಂದಾಗ ಆಕೆಯ ಕಡೆ ನೋಡಿದೆ. ಆಕೆ ಕಣ್ಣು ಮುಚ್ಚಿರಲಿಲ್ಲ. ಕತ್ತು ಎಡಕ್ಕೆ ವಾಲಿತ್ತು, ನಡುದಾರಿಯ ಆಚೆಯ ಮೂರನೇ ಬೆಂಚಿನ ಕಡೆಗೆ. ಅಲ್ಲಿಂದ ಮಿಕ್ಕವರಿಗಿಂತ ಚೂರು ಮುಂಚೆ, ಸ್ಪಷ್ಟವಾಗಿ ಒಂದು ಆಮೆನ್ ಬಂತು.

ಹೇಳಿದವರು ನರ್ಸಮ್ಮ, ದಾರದಂಗಡಿಯಮ್ಮನ ಒಡಹುಟ್ಟಿದ ಅಕ್ಕ. ಬಡಗಿಯ ಸೊಂಟಕ್ಕೂ ಕಂಡಕ್ಟರರ ಗಂಟಲಿಗೂ ತುಟಿ ಬಿಚ್ಚದವರು. ಅಕ್ಕತಂಗಿಯರು ಮಾತು ಬಿಟ್ಟು ಹನ್ನೊಂದು ವರ್ಷ. ತಾಯಿಯ ಮಣ್ಣಿನ ದಿನ ಯಾವ ಕೀರ್ತನೆ ಹಾಡಬೇಕೆಂದು ತಂಗಿ ಅಕ್ಕನನ್ನು ಕೇಳದೆ ನಿರ್ಧರಿಸಿದಳು. ಅಕ್ಕ ಬಾಯಿ ಬಿಗಿದು ನಿಂತಳು. ಆ ಬಾಯಿ ತಂಗಿಯ ಪಾಲಿಗೆ ಮತ್ತೆ ತೆರೆಯಲಿಲ್ಲ.

ಶನಿವಾರ ಮಧ್ಯಾಹ್ನ ಮತ್ತೆ ಅಂಗಡಿಗೆ ಹೋದೆ. ಆಕೆ ಯಾರಿಗೋ ಎಲಾಸ್ಟಿಕ್ ಅಳೆಯುತ್ತಿದ್ದಳು. ಗಿರಾಕಿ ಹೋಗುವವರೆಗೆ ಕಾದೆ.

“ಅಕ್ಕನ ಆಮೆನ್‌ಗೋಸ್ಕರ, ಅಲ್ವಾ?”

ಆಕೆ ಮುಖ ತಿರುಗಿಸಿ ಖಾನೆ ಮುಚ್ಚಿದಳು. “ವಾರಕ್ಕೆ ಒಂದು ಮಾತು ಅಯ್ಯನವರೇ. ನನಗೋಸ್ಕರ ಅವಳ ಬಾಯಿಂದ ಬರೋದು ಅದೊಂದೇ. ಮಂಡಿ ಗುಣ ಆದ ದಿನ ನಾನು ಅತ್ತಿದ್ದೆ, ಗೊತ್ತಾ?”

“ನೀವೇ ಹೋಗಿ ಮಾತಾಡಬಾರದಾ?”

“ಅವಳು ದೊಡ್ಡವಳು, ಅವಳು ಮಾತಾಡಿಸ್ಬೇಕು.”

“ಅವರು ನೀವು ಚಿಕ್ಕವರು ಅಂತ ಕಾಯ್ತಿದ್ರೆ?”

“ಕಾಯ್ಲಿ,” ಎಂದಳು. ಆದರೆ ದನಿಯಲ್ಲಿ ಬಿಗಿ ಇರಲಿಲ್ಲ.

ಪಟ್ಟಿ ಬದಲಾದದ್ದನ್ನು ತಿಳಿಸಿದೆ. ಗೊತ್ತಾದ ಮೇಲೆ ಇಲ್ಲದ ನೋವಿಗೆ ದೇವರ ಮುಂದೆ ನಿಂತು ಬೇಡುವುದು ನನ್ನಿಂದ ಆಗದು. ಬೇಕಾದರೆ ಎರಡು ಪಟ್ಟಿಯಿಂದಲೂ ಸುಮ್ಮನೆ ಬಿಟ್ಟುಬಿಡುತ್ತೇನೆ ಎಂದೆ. ಆಕೆ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಬೇಡ. ಇದ್ದದ್ದನ್ನೇ ಓದಿ,” ಎಂದಳು ಕೊನೆಗೆ. “ಸುಳ್ಳಿಗೆ ಅವಳ ಕೈಲಿ ಆಮೆನ್ ಹೇಳಿಸಿದ್ದು ಸಾಕು. ಅಷ್ಟೇ ನನ್ನ ಪಾಲಿಗಿದ್ದದ್ದು ಅಂದ್ಕೋತೀನಿ.”

ಮರುದಿನ ಆರಾಧನೆಯಲ್ಲಿ ಆ ಸಾಲು ಬಂತು. “ದಾರದಂಗಡಿಯ ಸಹೋದರಿಯ ಎಡಮಂಡಿ ಪೂರ್ತಿ ಗುಣವಾದದ್ದಕ್ಕಾಗಿ ಸ್ತೋತ್ರ.” ಇನ್ನೂರು ಗಂಟಲುಗಳ ಆಮೆನ್ ಬಂತು. ಮೂರನೇ ಬೆಂಚಿನದು ಬರಲಿಲ್ಲ. ತಂಗಿ ತಲೆ ತಗ್ಗಿಸಿದಳು. ನಾನು ಮುಂದಿನ ಸಾಲಿಗೆ ಹೋಗಬೇಕು, ಅಷ್ಟರಲ್ಲಿ ನರ್ಸಮ್ಮ ಎದ್ದು ನಿಂತರು.

“ಅಯ್ಯನವರೇ, ಗುಣ ಆಗಿದೆ ಅಂತ ಯಾರು ನೋಡಿದ್ದು?”

ಆರಾಧನೆಯ ನಡುವೆ ನನ್ನನ್ನು ಯಾರೂ ಪ್ರಶ್ನೆ ಕೇಳಿದ್ದಿಲ್ಲ. “ನಾನೇ ನೋಡಿದೆ, ಸ್ಟೂಲಿಂದ...”

“ನೀವು ಸತ್ಯವೇದ ಓದಿದವರು. ನಾನು ಮೂವತ್ತೆಂಟು ವರ್ಷ ಮೂಳೆ ವಾರ್ಡಲ್ಲಿದ್ದವಳು. ಇವಳು ಈ ಮೆಟ್ಟಿಲು ಇಳಿಯೋದನ್ನ ಪ್ರತಿ ವಾರ ನೋಡ್ತಿದ್ದೀನಿ. ಗೋಡೆ ಹಿಡಿದು ಇಳೀತಾಳೆ. ನೋವಿರೋ ಕಾಲು ಮೊದಲು ಇಡ್ಬೇಕು ಅನ್ನೋದೂ ಗೊತ್ತಿಲ್ಲ. ಇದಕ್ಕೆ ಸ್ತೋತ್ರವಂತೆ!”

“ನನ್ನ ಕಾಲು ಚೆನ್ನಾಗೇ ಇದೆ,” ಎಂದಳು ತಂಗಿ, ನನ್ನನ್ನು ನೋಡಿಕೊಂಡು. “ಹೇಳಿ ಅಯ್ಯನವರೇ ಅವಳಿಗೆ.”

“ಚೆನ್ನಾಗಿದ್ರೆ ಗೋಡೆ ಯಾಕೆ ಹಿಡೀತಿದ್ಲು, ಕೇಳಿ ಅಯ್ಯನವರೇ ಅವಳನ್ನ.”

ನಾನು ಅಕ್ಕನನ್ನೂ ನೋಡಿದೆ, ತಂಗಿಯನ್ನೂ ನೋಡಿದೆ. ಪೋಸ್ಟ್‌ಮಾಸ್ಟರು ಗಡಿಯಾರ ತೋರಿಸುತ್ತಿದ್ದರು. ತಂಗಿ ಎದುರು ಬೆಂಚನ್ನು ಎರಡೂ ಕೈಯಲ್ಲಿ ಹಿಡಿದು, ಈಗ ಅಕ್ಕನ ಕಡೆಗೆ ಮುಖ ತಿರುಗಿಸಿದಳು.

“ನೀನು ನೋಡ್ಲಿ ಅಂತ ಹಿಡೀತಿದ್ದೆ ಅಕ್ಕಾ.”

ನರ್ಸಮ್ಮ ಕೈಚೀಲ ಎತ್ತಿಕೊಂಡು, ಇಬ್ಬರು ಹೆಂಗಸರ ಪಾದ ತುಳಿದು ಬೆಂಚಿನಿಂದ ಹೊರಬಂದು, ನಡುದಾರಿ ದಾಟಿ, ತಂಗಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಕಾಲು ಚಾಚು.”

“ಎಲ್ಲರೂ ನೋಡ್ತಿದ್ದಾರೆ ಕಣೇ.”

“ಇಷ್ಟು ದಿನ ಕುಂಟಿದಾಗ ನೋಡ್ಲಿಲ್ವಾ? ಚಾಚು. ಮಡಿಸು. ಇಲ್ಲಿ ಒತ್ತಿದ್ರೆ?”

“ಇಲ್ಲ.”

“ಇಲ್ಲಿ?”

“ಕಚಗುಳಿ ಆಗ್ತದೆ ಬಿಡೇ!”

ಬೆಂಚುಗಳ ಮೇಲೆ ಕತ್ತುಗಳೆಲ್ಲ ಉದ್ದವಾಗಿದ್ದವು. ನರ್ಸಮ್ಮ ಎದ್ದು ಸೆರಗು ಸರಿಮಾಡಿಕೊಂಡರು. “ಕಳ್ಳಿ. ಕುದುರೆ ಮಂಡಿ ಇದ್ದ ಹಾಗಿದೆ. ಸರಿ, ಆಚೆ ಸರಿ, ಕೂತ್ಕೋಬೇಕು,” ಎಂದು ತಂಗಿಯನ್ನು ನೂಕಿ ಅದೇ ಬೆಂಚಿನಲ್ಲಿ ಕೂತರು.

ಆಮೇಲೆ ನಾನು ಪ್ರಸಂಗ ಮಾಡಿದೆ. ತಾಳ್ಮೆಯ ಮೇಲೆ ವಾರವೆಲ್ಲ ಕೂತು ಬರೆದದ್ದು. ಅಕ್ಕತಂಗಿಯರು ಅದರಲ್ಲಿ ಒಂದಕ್ಷರವನ್ನೂ ಕೇಳಲಿಲ್ಲ. ನಲವತ್ತು ನಿಮಿಷವೂ ತಲೆಗೆ ತಲೆ ಸೇರಿಸಿ ಪಿಸಪಿಸ ಮಾತಾಡಿದರು. ಒಮ್ಮೆ ಇಬ್ಬರೂ ಸೆರಗಿನಲ್ಲಿ ಮುಖ ಒರೆಸಿಕೊಂಡರು, ಒಮ್ಮೆ ನರ್ಸಮ್ಮ ತಂಗಿಯ ತೊಡೆಗೆ ಪಟ್ಟನೆ ಹೊಡೆದರು. ನನಗೆ ಕೋಪ ಬರಲಿಲ್ಲ. ಏನು ಮಾತಾಡುತ್ತಿದ್ದಾರೆ ಎಂದು ಕಿವಿಗೊಡಲು ಹೋಗಿ ಎರಡು ಸಲ ಓದುತ್ತಿದ್ದ ಸಾಲು ತಪ್ಪಿತು.

ನನ್ನ ಹೆಂಡತಿ ಅವರ ಹಿಂದಿನ ಬೆಂಚಿನಲ್ಲೇ ಕೂತಿದ್ದಳು. ಊಟಕ್ಕೆ ಕೂತಾಗ, ಅಷ್ಟೇನೂ ಆಸಕ್ತಿಯಿಲ್ಲದವನ ಹಾಗೆ, ಅವರಿಬ್ಬರು ಏನು ಮಾತಾಡಿಕೊಂಡರು ಎಂದು ಕೇಳಿದೆ.

“ಪ್ರಸಂಗ ಚೆನ್ನಾಗಿತ್ತು,” ಎಂದಳು ಅವಳು. “ಅನ್ನ ಹಾಕ್ಲಾ?”