ತಲೆಯ ಕಡೆಯ ಹಗ್ಗ

ಈ ಕತೆ ಹೇಳುವಷ್ಟು ತಿಳಿವಳಿಕೆ ನನಗಿದೆಯೆಂದು ಧೈರ್ಯವಾಗಿ ಹೇಳಲಾರೆ. ತಪ್ಪಿದ್ದರೆ ಓದುವವರು ಮನ್ನಿಸಬೇಕು.

ಈವಾನ್ ಮ್ಯೂರ್ ಚರ್ಚಿನ ಬಾಗಿಲಲ್ಲಿ ಟೋಪಿ ತೆಗೆಯುತ್ತಿದ್ದಾಗ ಶವಸಂಸ್ಕಾರ ನಡೆಸುವವನು ಅವನ ಕೈಗೊಂದು ಚೀಟಿ ತುರುಕಿದ. ಅದರಲ್ಲಿ ಪೆಟ್ಟಿಗೆಯ ಚಿತ್ರ, ಅದನ್ನು ಗುಂಡಿಗೆ ಇಳಿಸುವ ಎಂಟು ಹಗ್ಗಗಳು. ತಲೆಯ ಕಡೆಯ ಒಂದನೇ ಹಗ್ಗದ ಮುಂದೆ ಅವನ ಹೆಸರು. ಸತ್ತವರ ಮಗನಿಗೆ ಸಲ್ಲುವ ಜಾಗ ಅದು.

"ಯಾರದೋ ಚೀಟಿ ನನಗೆ ಕೊಟ್ಟಿದ್ದೀರಿ."

"ಇಲ್ಲ ಸರ್. ಹ್ಯೂ ಟಾರನ್ಸ್ ಅವರೇ ಹೋದ ವರ್ಷ ಬರೆದಿಟ್ಟ ಪಟ್ಟಿ."

ಪಕ್ಕದಲ್ಲಿದ್ದ, ಹ್ಯೂ ಅವರ ಫುಟ್‌ಬಾಲ್ ತಂಡದ ಹಳೆಯ ಗೋಲ್‌ಕೀಪರ್ ಡೂಗಿ ಚೀಟಿಗೆ ಕಣ್ಣು ಹಾಯಿಸಿ ಬೆಪ್ಪಾದ. "ನಿನಗಾ? ಬಾಸ್ ಕಾಲು ಮುರಿದವನಿಗಾ? ಹದಿನಾಲ್ಕು ವರ್ಷ ಅವರ ಗೋಲು ಕಾದಿದ್ದೀನಿ ಕಣೋ, ನನಗೆ ಏಳನೇ ನಂಬರ್, ಮೊಣಕಾಲಿನ ಹತ್ರ!"

ಹ್ಯೂ ಹೋಗಿ ಆರು ದಿನವಷ್ಟೇ ಆಗಿತ್ತು. ಶನಿವಾರ ಆಟದ ವಿರಾಮದಲ್ಲಿ ಹುಡುಗರನ್ನು ಬೈಯುತ್ತಲೇ ಬೆಂಚಿನ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಬೈಗುಳ ಮುಂದುವರಿಯುತ್ತದೆಂದು ಹುಡುಗರು ಎರಡು ನಿಮಿಷ ಕಾದರಂತೆ.

*

ಕಾಲು ಮುರಿದಾಗ ಹ್ಯೂಗೆ ಇಪ್ಪತ್ತಾರು ವರ್ಷ. ಗ್ಲಾಸ್ಗೋದ ದೊಡ್ಡ ತಂಡವೊಂದು ಅವರ ಆಟ ನೋಡಲು ಆಳು ಕಳಿಸಿದ್ದ ದಿನ. ಈವಾನ್ ಎದುರು ತಂಡದಲ್ಲಿದ್ದ. ಮೂರು ಸಲ ತನ್ನನ್ನು ದಾಟಿ ಹೋದ ಹ್ಯೂ ಕಡೆಗೆ ನಾಲ್ಕನೇ ಸಲ ಕೆಸರಿನಲ್ಲಿ ಕಾಲು ಚಾಚಿ ಜಾರಿದ. ಚೆಂಡಿಗೇ ಹೋದೆ ಎಂದು ಎಲ್ಲರಿಗೂ ಹೇಳಿದ. ರೆಫರಿಯೂ ನಂಬಿದ.

ಆಟದ ಬದುಕು ಅಲ್ಲಿಗೇ ಮುಗಿದ ಹ್ಯೂ ಊರಿನ ತಂಡಕ್ಕೆ ಕೋಚ್ ಆದರು. ಮೈದಾನದ ಅಂಚಿನಲ್ಲಿ ಕುಂಟುತ್ತ ಓಡಾಡಿಯೇ, ಕಲ್ಲಿದ್ದಲ ಗಣಿ ಮುಚ್ಚಿದ ಊರಿಗೆ ಎರಡು ಕಪ್ ಗೆದ್ದು ತಂದರು. ಯಾರನ್ನಾದರೂ ತಂಡದಿಂದ ಕೈಬಿಡುವುದಿದ್ದರೆ ಹಿಂದಿನ ದಿನವೇ ಅವರ ಮನೆಗೆ ಹೋಗಿ, ಚಹಾ ಕುಡಿದು, ಮುಖ ನೋಡಿ ಹೇಳುತ್ತಿದ್ದರು. ಎರಡು ಬೀದಿಯಾಚೆ ಬಂದು ನೆಲೆಸಿದ ಈವಾನನ ಬಾಗಿಲನ್ನು ಮಾತ್ರ ಒಂದು ದಿನವೂ ತಟ್ಟಲಿಲ್ಲ. ಈವಾನ್ ವರ್ಷಗಟ್ಟಲೆ ಕಾದ. ತಾನಾಗಿ ಹೋಗಲೂ ಇಲ್ಲ.

*

ಗುಂಡಿಯ ಬಳಿ ಮೊದಲ ಹೆಸರು ಕೂಗಿದರು. ಈವಾನ್ ಚೀಟಿಯನ್ನು ಹ್ಯೂ ಮಗ ಗ್ರೆಗರನತ್ತ ಚಾಚಿದ.

"ತಗೋಪ್ಪಾ. ಇದು ನಿಂದು."

"ಅಪ್ಪ ನನ್ನನ್ನ ಕಾಲಿನ ಕಡೆ ಹಾಕಿದ್ದಾರೆ. ಯಾಕೆ ಅಂತ ನೀವೇ ಹೇಳಿ."

"ನಂಗೊತ್ತಿಲ್ಲ." ಈವಾನ್ ಚಾಚಿದ್ದ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡ. "ಆದ್ರೆ ಅವತ್ತು ನಾನು ಚೆಂಡಿಗೆ ಹೋಗಿರ್ಲಿಲ್ಲ. ಕಾಲಿಗೇ ಹೋಗಿದ್ದೆ. ಬೇಕಂತಲೇ."

ಪಾದ್ರಿಯ ಬೆರಳು ಪುಟದ ನಡುವೆ ನಿಂತಿತು. "ಏನಂದೆ?" ಎಂದ ಡೂಗಿ. ಗ್ರೆಗರ್ ಮುಂದೆ ಬಂದ. ಅವನ ತಾಯಿ ನೆಟ್ಟಾ ತೋಳು ಹಿಡಿದು ನಿಲ್ಲಿಸಿದಳು.

"ಈ ಮಾತು ಅವರ ಮುಂದೆ ಆಡ್ಬೇಕಿತ್ತು, ಈವಾನ್. ನಮ್ಮನೆಗೂ ಬಾಗಿಲಿತ್ತು." ಅವಳ ಮುಖ ಸುಣ್ಣದಂತೆ ಬಿಳಿಚಿತ್ತು. "ಈಗ ಹಗ್ಗ ಹಿಡಿ. ಅವರು ಬರೆದ ಪಟ್ಟೀನ ಯಾರೂ ತಿದ್ದಿಲ್ಲ. ಇವತ್ತೂ ತಿದ್ದಲ್ಲ."

ಹಿಡಿದ. ಪೆಟ್ಟಿಗೆ ತಳ ಮುಟ್ಟಿತು. ಏಳು ಹಗ್ಗಗಳು ಒಂದರ ಹಿಂದೊಂದು ಒಳಗೆ ಬಿದ್ದವು. ತಲೆಯ ಕಡೆಯದು ಮಾತ್ರ ಬಿಗಿಯಾಗಿಯೇ ಇತ್ತು. ಕೊನೆಗೆ ಗ್ರೆಗರ್ ಸುತ್ತಿಬಂದು, ಈವಾನನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಅದು ಬೇಕಂತಲೇ ಎಂದು ಹ್ಯೂಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಆ ಹೆಸರು ಬರೆದದ್ದು ಮನ್ನಿಸಲೆಂದೋ ಭಾರ ಹೊರಿಸಲೆಂದೋ, ಊರಿನಲ್ಲಿ ಯಾರಿಗೂ ತಿಳಿಯದು. ನನಗೂ ತಿಳಿಯದು.